ಅಕ್ಕನ ಗುಲಾಬಿ ಬಿಸ್ಕತ್ತು

ನಿಮ್ಮಂತೆಯೇ ನಾನೂ ಒಂದು ಕಾಲದಲ್ಲಿ ಬಿಸ್ಕತ್ತನ್ನು ಬಿಸ್ಕತ್ತೆಂದೇ ನಂಬಿ ತಿನ್ನುತ್ತಿದ್ದೆ. ಮಧುಗಿರಿಯ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದ ಮೇಲೆ, ತಿದ್ದಲು ಉತ್ತರಪತ್ರಿಕೆಗಳಿಲ್ಲದ ಕಣ್ಣು ಪೊಟ್ಟಣಗಳ ಬೆನ್ನಿನ ಇರುವೆಗಾತ್ರದ ಅಕ್ಷರಗಳ ಮೇಲೆ ಬಿತ್ತು. ಐಸ್‌ಕ್ರೀಮನ್ನು ಮಂದಗೊಳಿಸುವುದು ಕಡಲ ಪಾಚಿಯ ಅಂಟು, ಮಿಠಾಯಿಗೆ ಹೊಳಪು ಕೊಡುವುದು ಅರಗಿನ ಹುಳು ಸ್ರವಿಸಿದ ಮೇಣ, ಕೆಲವು ಕೆಂಪು ಬಣ್ಣಗಳಂತೂ ಇಡೀ ಹುಳುವನ್ನೇ ಅರೆದು ತೆಗೆದಂಥವು. ಈ ಜ್ಞಾನವನ್ನೆಲ್ಲ ನಾನು ಉಣ್ಣಲು ಕೂತವರಿಗೇ ಬಡಿಸುತ್ತಿದ್ದುದರಿಂದ, ಹೆಂಡತಿ ನನ್ನ ಊಟದ ಹೊತ್ತನ್ನೇ ಬೇರೆ ಮಾಡಿದಳು.

ಮಿಡಿಗೇಶಿಯಲ್ಲಿರುವ ನನ್ನ ಅಕ್ಕ ಗಂಗಮ್ಮನಿಗೆ ಎಪ್ಪತ್ತು ದಾಟಿದೆ. ಮೊಟ್ಟೆಯ ವಾಸನೆಯನ್ನೂ ಸಹಿಸದ ಆಕೆಗಿದ್ದ ಒಂದೇ ಒಂದು ಚಪಲವೆಂದರೆ ಗುಲಾಬಿ ಬಣ್ಣದ ಕ್ರೀಮ್ ಬಿಸ್ಕತ್ತು. ಒಂದು ಭಾನುವಾರ ಆಕೆಯ ಮನೆಯಲ್ಲಿ ಹುಳಿ ಉಂಡು, ಇದು ಪ್ರಕೃತಿಯ ಶುದ್ಧ ಆಹಾರವೆಂದು ಕೊಂಡಾಡಿದೆ. ಅದರ ಪುಡಿಗೆ ಬಂಡೆಯಿಂದ ಕೆರೆದು ತೆಗೆದ ಕಲ್ಲುಹೂವೂ ಯಾವುದೋ ಪರದೇಶದ ಗಿಡದ ಬೇರಿನಿಂದ ಒಸರಿದ ಇಂಗೂ ಬಿದ್ದಿದ್ದವೆಂಬುದು ನನ್ನ ವಿಜ್ಞಾನಕ್ಕೆ ಅಡ್ಡ ಬರಲಿಲ್ಲ. ಊಟವಾದ ಮೇಲೆ ಅಕ್ಕ ಬಿಸ್ಕತ್ತು ತಿನ್ನತೊಡಗಿದಳು. ನಾನು ಪೊಟ್ಟಣ ತಿರುಗಿಸಿ ನೋಡಿದೆ. ಬಣ್ಣದ ಸಂಖ್ಯೆ ನೂರಿಪ್ಪತ್ತು ಎಂದಿತ್ತು, ಅಂದರೆ ಹುಳುವಿನ ಕೆಂಪು.

"ಈ ಬಣ್ಣ ಉಳ ಒಣಗಿಸಿ ಅರೆದು ಮಾಡ್ತಾರೆ ಕಣಕ್ಕ," ಅಂದೆ.

ಅಕ್ಕ ಹಿತ್ತಲಿಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ಗೋಡೆಗೊರಗಿ ಕೂತಳು. ದಡ್ಡ ವಿದ್ಯಾರ್ಥಿಗೆ ಕೊನೆಗೂ ಲೆಕ್ಕ ತಿಳಿಯಿತೆಂಬ ಸಮಾಧಾನದಲ್ಲಿ ನಾನು ಬಸ್ಸು ಹತ್ತಿದೆ.

ಎರಡು ವಾರ ಕಳೆದು ಆಕೆಯ ಸೊಸೆ ಫೋನ್ ಮಾಡಿದಳು. ಇಷ್ಟು ವರ್ಷ ಹುಳ ತಿಂದ ಪಾಪ ಕಳೆಯಲೆಂದು ಅತ್ತೆ ದಿನ ಬಿಟ್ಟು ದಿನ ಉಪವಾಸವಿದ್ದಾರೆ, ನಿನ್ನೆ ತಲೆಸುತ್ತಿ ಜಗುಲಿಯ ಮೇಲೆ ಕುಸಿದರು ಎಂದಳು. ಕೂಡಲೇ ಮಿಡಿಗೇಶಿಗೆ ಹೊರಟೆ. ಬಸ್ ನಿಲ್ದಾಣದ ಅಂಗಡಿಯಲ್ಲಿ ಅದೇ ಬಿಸ್ಕತ್ತು ಕೊಂಡು, ಈ ಸಲ ಕನ್ನಡಕ ಹಾಕಿಕೊಂಡು ಓದಿದೆ. ನೂರಿಪ್ಪತ್ತೆರಡು. ಅದು ಹುಳುವಿನ ಸುಳಿವೇ ಇಲ್ಲದ, ಕಾರ್ಖಾನೆಯಲ್ಲಿ ಹುಟ್ಟಿದ ಬಣ್ಣ. ಪಕ್ಕದಲ್ಲೇ, ಓದು ಬಾರದವರೂ ಗುರುತಿಸಬಲ್ಲ ಸಸ್ಯಾಹಾರದ ಹಸಿರು ಚುಕ್ಕೆ ಎದ್ದು ಕಾಣುತ್ತಿತ್ತು.

ಅಕ್ಕ ಚಾಪೆಯ ಮೇಲೆ ಮಲಗಿದ್ದಳು, ಮುಖ ಸಣ್ಣಗಾಗಿತ್ತು. ಕನ್ನಡಕವಿಲ್ಲದೆ ಓದಿ ತಪ್ಪು ಹೇಳಿದೆನೆಂದು ಒಪ್ಪಿಕೊಂಡೆ. ಆಕೆ ನನ್ನ ಕಡೆಗೆ ಹೊರಳಿದಳು.

"ಉಳ ಅಲ್ಲ ಅಂತ ಖಾತ್ರಿನೇನ್ಲಾ?"

"ಖಾತ್ರಿ ಅಕ್ಕ. ಬರೀ ಕೆಮಿಕಲ್ಲು."

ಆ ಪದವನ್ನು ಅಷ್ಟು ಭಕ್ತಿಯಿಂದ ನಾನು ಎಂದೂ ಉಚ್ಚರಿಸಿರಲಿಲ್ಲ. ಅಕ್ಕ ಎದ್ದು ಕೂತು ಪೊಟ್ಟಣ ಒಡೆದಳು. ಮೊದಲ ಬಿಸ್ಕತ್ತನ್ನು ನನ್ನತ್ತ ಚಾಚಿ, "ಅಂಗಾದ್ರೆ ಮೊದ್ಲು ನೀನು ತಿನ್ನು," ಅಂದಳು.

ತಿಂದೆ. ನಾನು ನುಂಗುವವರೆಗೂ ಕಾದಿದ್ದು, ಆಮೇಲೆ ಆಕೆ ಇನ್ನೊಂದನ್ನು ತೆಗೆದುಕೊಂಡಳು.