ಕುಂಕುಮ ಹಚ್ಚಿದ ನಿಂಬೆಹಣ್ಣು

ಎಪ್ಪತ್ತೈದರ ಸುಮಾರು. ವಿಜಯನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಶಂಭುಲಿಂಗಪ್ಪ ಮೇಷ್ಟ್ರಿಗೆ ಕೋಪ ಮೂಗಿನ ತುದಿಯಲ್ಲಿ, ಅಸಹ್ಯ ಅದಕ್ಕಿಂತ ಒಂದಿಷ್ಟು ಮುಂದೆ. ಗೋಡೆಗೆ ಎಲೆಅಡಿಕೆ ಉಗಿಯುವವರನ್ನು ಕಂಡರೆ ಅಸಹ್ಯ, ಗೈಡು ಬಾಯಿಪಾಠ ಮಾಡಿ ಪಾಸಾಗುವ ಹುಡುಗರನ್ನು ಕಂಡರಂತೂ ಕೇಳಲೇಬೇಡಿ. "ಎಸೆದ ಕಲ್ಲು ಬಾಗಿ ಯಾಕ್ರೋ ಬೀಳುತ್ತೆ?" ಅಂದರೆ, "ಪುಸ್ತಕದಲ್ಲಿ ಹಂಗೇ ಇದೆ ಸಾರ್" ಅನ್ನುತ್ತಿದ್ದವು.

ಥೂ, ಇವಕ್ಕೆ ಕಣ್ಣಾರೆ ತೋರಿಸಿಬಿಡ್ತೀನಿ ಅಂತ ಮೇಷ್ಟ್ರು ಒಂದು ಕವಣೆ ಯಂತ್ರ ಕಟ್ಟಿದರು. ಮುರಿದ ಬೆಂಚಿನ ಹಲಗೆ, ಹಳೇ ಸೈಕಲ್ ಟ್ಯೂಬು, ಹೆಂಡತಿ ಕಲ್ಯಾಣಮ್ಮನ ಕಣ್ಣು ತಪ್ಪಿಸಿ ತಂದ ಸಾರಿನ ಸೌಟು. ಕಲ್ಲು ಹಾರಿಸಿದರೆ ಯಾರದಾದರೂ ತಲೆ ಒಡೆದೀತು, ಅದಕ್ಕೇ ನಿಂಬೆಹಣ್ಣು. ಬಿದ್ದ ಕಡೆ ಗುರುತು ಮೂಡಲಿ ಅಂತ ಹಣ್ಣನ್ನು ಒದ್ದೆ ಮಾಡಿ ಕುಂಕುಮದಲ್ಲಿ ಹೊರಳಿಸುತ್ತಿದ್ದರು. ದಿನಾ ನಸುಕಿಗೆ, ಜನ ಏಳುವ ಮುಂಚೆ, ಹಿತ್ತಲಿನಿಂದ ಹಿಂದಿನ ಖಾಲಿ ಸೈಟಿಗೆ ಹಾರಿಸುವುದು, ಕೋನ ಬದಲಿಸುವುದು, ದೂರ ಅಳೆಯುವುದು. ಕೆಲವು ಹಣ್ಣು ಪೊದೆಯೊಳಗೆ ಉರುಳಿ ಕೈಗೇ ಸಿಗುತ್ತಿರಲಿಲ್ಲ. ಹಾಳಾಗಿ ಹೋಗಲಿ ಅಂತ ಬಿಟ್ಟರು.

ಆ ಪೊದೆಯ ಪಕ್ಕದಲ್ಲೇ ಸೊಪ್ಪು ಮಾರುವ ಮುದುಕಿ ನರಸಮ್ಮನ ಗುಡಿಸಲು. ಸೈಟಿನ ಯಜಮಾನ ಮುನಿವೆಂಕಟಪ್ಪ, ಮನೆಮನೆಗೆ ಹಾಲು ಹಾಕುವವನು; ಅವನ ಕೊಟ್ಟಿಗೆ ಸೈಟಿನ ಆಚೆ ಬದಿಗೆ. ಒಂದು ಭಾನುವಾರ ಅವನ ಹಸು ಹಾಲು ಕೊಡದೆ ಒದ್ದಿತು. ಅದು ಮೇಯುತ್ತಿದ್ದ ಕಡೆ ಹೋಗಿ ನೋಡಿದರೆ ಪೊದೆ ತುಂಬ ಕುಂಕುಮದ ನಿಂಬೆಹಣ್ಣು! ಇನ್ನೇನು ಬೇಕು? ನರಸಮ್ಮ ಮಾಟ ಮಾಡಿಸಿದಾಳೆ ಅಂತ ಬೀದಿಗೆ ಬೀದಿಯೇ ಎದ್ದು ನಿಂತಿತು. ನಲ್ಲಿ ಹತ್ತಿರ ಮುನಿವೆಂಕಟಪ್ಪ ಅವಳ ಬಿಂದಿಗೆ ಒದ್ದ.

"ಸಾಯಂಕಾಲದೊಳಗೆ ಗುಡಿಸಲು ಕೀಳ್ಬೇಕು. ಇಲ್ಲಾಂದ್ರೆ ನಾನೇ ಬೆಂಕಿ ಇಡ್ತೀನಿ!"

ಗಲಾಟೆ ಕೇಳಿ ಮೇಷ್ಟ್ರು ಹೊರಗೆ ಬಂದರು. ಇಸ್ತ್ರಿ ಷರಟು ಹಾಕಿದ ಗುಮಾಸ್ತರು, ಬ್ಯಾಂಕಿನವರು, ಎಲ್ಲಾ ಓದಿದ ಮಹಾನುಭಾವರೂ ಆ ಮುದುಕಿಯನ್ನು ಸುತ್ತುಗಟ್ಟಿ ನಿಂತಿದ್ದರು.

"ರೀ ಮುನಿವೆಂಕಟಪ್ಪ, ಆ ಹಣ್ಣು ನನ್ನವು ಕಣ್ರೀ! ಎಸೆದೋನು ನಾನು!"

"ಪಾಪ, ಮುದುಕಿ ಅಂತ ನೀವು ತಪ್ಪು ಮೈಮೇಲೆ ಹಾಕ್ಕೋಬೇಡಿ ಮೇಷ್ಟ್ರೇ."

ಮೇಷ್ಟ್ರು ಯಂತ್ರ ಹೊತ್ತು ತಂದರು. ದೂರದಲ್ಲಿ ಸುಣ್ಣದಿಂದ ಒಂದು ವೃತ್ತ ಎಳೆದು ಬಂದರು. "ಟ್ಯೂಬು ಇಷ್ಟು ಎಳೆದು, ಇಷ್ಟು ಕೋನಕ್ಕೆ ಬಿಟ್ಟರೆ ಅಲ್ಲೇ ಬೀಳಬೇಕು. ಇದು ಲೆಕ್ಕ ಕಣ್ರೀ. ಮಾಟವೂ ಅಲ್ಲ, ಮಣ್ಣಾಂಗಟ್ಟಿಯೂ ಅಲ್ಲ!" ನಿಂಬೆಹಣ್ಣು ಮೇಲೆದ್ದಿತು, ಬಾಗಿತು, ಸುಣ್ಣದ ವೃತ್ತದೊಳಗೆ ತಪ್ ಅಂತ ಬಿತ್ತು.

ಮುನಿವೆಂಕಟಪ್ಪ ಚಪ್ಪಲಿ ಕಳಚಿ ಕೈ ಮುಗಿದ.

"ತಪ್ಪಾಯ್ತು ಸ್ವಾಮಿ. ಹೇಳಿದ ಕಡೇಗೇ ಬೀಳಿಸಿದ್ರಲ್ಲ! ಇಷ್ಟು ದೊಡ್ಡ ವಿದ್ಯೆ ನಿಮಗಿದೆ ಅಂತ ಗೊತ್ತಿರ್ಲಿಲ್ಲ. ನರಸಮ್ಮ ಇಲ್ಲೇ ಇರ್ಲಿ. ನನ್ನ ಹಸು ಒಂದು ಬಿಟ್ಬಿಡಿ."

"ಥೂ, ನಿಮ್ಮ ಜನ್ಮಕ್ಕಿಷ್ಟು!" ಅಂದರು ಮೇಷ್ಟ್ರು. ಶಾಪ ಹಾಕಿದರು ಅಂತ ಅರ್ಧ ಜನ ಅಲ್ಲಿಂದ ಕಾಲ್ತೆಗೆದರು.

ಮಾರನೆಯ ಬೆಳಿಗ್ಗೆ ಮನೆ ಬಾಗಿಲಲ್ಲಿ ಜನ. ಬ್ಯಾಂಕಿನವನಿಗೆ ಪ್ರಮೋಷನ್ ಬೇಕಂತೆ, ಗುಮಾಸ್ತನ ಮಗಳಿಗೆ ಗಂಡು ಸಿಗಬೇಕಂತೆ. ನಿನ್ನೆ ಮುದುಕಿಯನ್ನು ಓಡಿಸಲು ಬಂದ ಮುಖಗಳೇ ಇವತ್ತು ತಟ್ಟೆ, ಹೂವು, ಕರ್ಪೂರ ಹಿಡಿದು ಹಲ್ಲು ಕಿರಿಯುತ್ತಿದ್ದವು. ಮೇಷ್ಟ್ರು ಬಾಯಿಗೆ ಬಂದಂತೆ ಬೈದು ಅಟ್ಟಿದರು.

ಕೊನೆಗೆ ಬಂದವಳು ನರಸಮ್ಮ, ಕಂಕುಳಲ್ಲಿ ದಂಟಿನ ಸೊಪ್ಪಿನ ಕಟ್ಟು. ಇವಳಿಗಾದರೂ ಅರ್ಥವಾಯಿತಲ್ಲ ಅಂತ ಮೇಷ್ಟ್ರ ಮನಸ್ಸು ಸ್ವಲ್ಪ ತಣ್ಣಗಾಯಿತು. ಅವಳು ಸೊಪ್ಪು ಜಗಲಿಯ ಮೇಲಿಟ್ಟು, ಸೆರಗಿನ ಗಂಟು ಬಿಚ್ಚಿ ಒಂದು ನಿಂಬೆಹಣ್ಣು ತೆಗೆದಳು.

"ಸಾಮಿ, ನನ್ ಬಿಂದ್ಗೆ ಒದ್ದೋನು ಆವಯ್ಯ. ಇದು ಅವನ ಕೊಟ್ಟಿಗೆ ಒಳಕ್ಕೇ ಬೀಳೋ ಹಂಗೆ ಮಾಡ್ಕೊಡಿ."

ಬೈಯಲು ಬಾಯಿ ತೆರೆದರು ಮೇಷ್ಟ್ರು. ಆದರೆ ಅವರ ಮನಸ್ಸು ಆಗಲೇ ಹಿಂದಿನ ಖಾಲಿ ಸೈಟು ದಾಟಿ, ಮುನಿವೆಂಕಟಪ್ಪನ ಕೊಟ್ಟಿಗೆಯ ಬಾಗಿಲವರೆಗೂ ಹೋಗಿ ದೂರ ಅಳೆದುಬಿಟ್ಟಿತ್ತು. ಟ್ಯೂಬು ಇನ್ನೊಂದಿಷ್ಟು ಎಳೆದರೆ ಸಾಕು, ತಪ್ಪುವುದೇ ಇಲ್ಲ.

"ಥೂ, ನನ್ನ ಜನ್ಮಕ್ಕಿಷ್ಟು!" ಅಂತ ಧಡಾರನೆ ಬಾಗಿಲು ಹಾಕಿಕೊಂಡರು.