ಎಮ್ಮೆಯಿಲ್ಲದ ಮನೆಯ ಮೇವಿನ ಮಿಷನ್ನು

ಹಸಿ ಜೋಳದ ದಂಟು ಕತ್ತರಿಸಿದ ವಾಸನೆ ಬಂದರೆ ಇವತ್ತಿಗೂ ನನ್ನ ಬಲಗೈ ತಾನಾಗಿ ಸೆರಗಿನೊಳಗೆ ಅಡಗುತ್ತದೆ. ಹಿಂದೂಪುರದಲ್ಲಿ ನಾನಿರುವ ಬೀದಿಯ ಕೊನೆಗೆ ಹಾಲಿನವರ ಕೊಟ್ಟಿಗೆಯಿದೆ. ಸಂಜೆ ಅಲ್ಲಿ ಮೇವಿನ ಮಿಷನ್ನು ತಿರುಗಿದ ಕೂಡಲೇ ಕಂಬದೂರಿನ ನಮ್ಮ ಮನೆಯ ಅಂಗಳ ಕಣ್ಣಿಗೆ ಬರುತ್ತದೆ. ಅಲ್ಲೊಂದು ಅಂಥದೇ ಮಿಷನ್ನು, ಅದರ ಚಕ್ರದ ಮೇಲೆ, ಚಪ್ಪಡಿಯ ಮೇಲೆ, ನನ್ನ ಲಂಗದ ಮೇಲೆ ಕೆಂಪು. ಈರಮ್ಮತ್ತೆಯ ಕೈ ಹೋದ ದಿನ. ಇಷ್ಟು ನಿಚ್ಚಳವಾಗಿರುವ ಈ ನೆನಪು ಸುಳ್ಳು. ಅವಳ ಕೈ ಹೋದದ್ದು ಅಲ್ಲಲ್ಲ.

ಅಪ್ಪನ ಅಕ್ಕ ಅವಳು. ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಳು, ದಿನಾ ಆಟೋ ಹತ್ತಿ ಕಲ್ಯಾಣದುರ್ಗದ ಕಡಲೆಕಾಯಿ ಸುಲಿಯುವ ಮಿಲ್ಲಿಗೆ ಹೋಗುತ್ತಿದ್ದಳು. ಸಂಜೆ ಬಂದರೆ ಮೈಯೆಲ್ಲ ಸಿಪ್ಪೆಯ ಧೂಳು, ಕಾದ ಮಣ್ಣಿನಂಥ ವಾಸನೆ. ಆ ಕೈಯಲ್ಲೇ ನನ್ನ ಜಡೆ ಹೆಣೆಯುತ್ತಿದ್ದಳು, ನೋಯುವ ಹಾಗೆ ಎಳೆದೆಳೆದು. ಮಿಲ್ಲಿನಲ್ಲಿ ಬೆಲ್ಟು ಜಾರಿದರೆ ಮಿಷನ್ನು ನಿಲ್ಲಿಸುವ ರೂಢಿಯಿರಲಿಲ್ಲ. ಅದು ಗಾಲಿಯನ್ನು ಬಿಗಿ ಹಿಡಿಯಲೆಂದು ಓಡುವ ಬೆಲ್ಟಿಗೇ ರಾಳದ ಪುಡಿ ಎರಚಬೇಕು. ಅವತ್ತು ಎರಚಿದವಳು ಅತ್ತೆ. ಬಳೆ ಸಿಕ್ಕಿಕೊಂಡಿತು ಎಂದಳು ಜೊತೆಯವಳು, ರವಿಕೆಯ ತೋಳು ಎಂದ ಅಪ್ಪ. ಗಾಲಿಗೂ ಬೆಲ್ಟಿಗೂ ನಡುವೆ ಕೈಯನ್ನು ಮೊಣಕೈವರೆಗೆ ಎಳೆದು, ಮೂಳೆ ನುರಿದು, ಅವಳನ್ನು ಗೋಡೆಗೆ ಎಸೆದ ಮೇಲೂ ಮಿಷನ್ನು ಓಡುತ್ತಲೇ ಇತ್ತಂತೆ. ಇದನ್ನು ನಾನು ನೋಡಲಿಲ್ಲ. ಬಹುಶಃ ಅದಕ್ಕೇ ನಂಬುತ್ತೇನೆ.

ಅಪ್ಪ ಅದೇ ಮಿಲ್ಲಿನ ಟೆಂಪೊ ಓಡಿಸುತ್ತಿದ್ದ. ಆಸ್ಪತ್ರೆಯ ಬಾಗಿಲಲ್ಲಿ ಮಿಲ್ಲಿನ ಸಾವ್ಕಾರರು ಅವನ ಹೆಗಲ ಮೇಲೆ ಕೈಯಿಟ್ಟು, "ನೇನು ಚೂಸ್ಕುಂಟಾ ಲೇ," ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಮನೆಯಲ್ಲಿ ಮೇವು ಕತ್ತರಿಸುವಾಗ ಆಯಿತೆನ್ನು ಎಂದರು. ಅತ್ತೆಗೆ ಪ್ರಜ್ಞೆಯಿರಲಿಲ್ಲ. ಅಪ್ಪ ಆಸ್ಪತ್ರೆಯವರಿಗೆ ಹಾಗೇ ಹೇಳಿದ. ಯಾರಾದರೂ ವಿಚಾರಣೆಗೆ ಬಂದರೆ ತೋರಿಸಲಿಕ್ಕೆಂದು ಮಾರನೆಯ ದಿನ ಅದೇ ಟೆಂಪೊದಲ್ಲಿ ಮೇವಿನ ಮಿಷನ್ನು ಬಂದು ಅಂಗಳದಲ್ಲಿ ಇಳಿಯಿತು.

"ಎಮ್ಮೆ ಮಾರಿ ವರ್ಸಾಯ್ತು. ಮೇವು ಯಾರಿಗಪ್ಪ, ನೀನೇ ತಿಂತೀಯಾ?" ಎಂದು ಪಕ್ಕದ ಮನೆಯ ಗಂಗಕ್ಕ ನಕ್ಕಳು.

ಯಾರೂ ವಿಚಾರಣೆಗೆ ಬರಲಿಲ್ಲ. ಅತ್ತೆ ಮೋಟು ತೋಳು ಹೊತ್ತು ಮನೆಗೆ ಬಂದವಳು ಅಪ್ಪನನ್ನು ಒಂದೇ ಒಂದು ಕೇಳಿದಳು: "ಮಿಲ್ನಾಗೆ ಆಯ್ತು ಅಂತ ಹೇಳ್ಬುಡು."

"ಹೇಳಿದ್ರೆ ನನ್ ಕೆಲ್ಸಾನೂ ಹೋಯ್ತದೆ ಕಣಕ್ಕ."

ಆಯುಧಪೂಜೆ ಬಂತು. ಮನೆಯಲ್ಲಿ ಕಬ್ಬಿಣ ಇದ್ದ ಮೇಲೆ ಪೂಜೆ ತಪ್ಪಿಸುವವಳಲ್ಲ ನಮ್ಮಜ್ಜಿ. ಮಿಷನ್ನಿಗೆ ವಿಭೂತಿ ಬಳಿದು, ಚೆಂಡುಹೂ ಸುತ್ತಿ, ಬೂದುಗುಂಬಳಕ್ಕೆ ಕುಂಕುಮ ತುಂಬಿದಳು. "ಮಗಳ ಕೈ ತಗೊಂಡೈತೆ, ಇನ್ನ ಯಾರ್ದೂ ಕೇಳ್ದಂಗಿರ್ಲಿ ತಾಯಿ" ಎಂದು ಕೈಮುಗಿದಳು. ಆ ಸುಳ್ಳನ್ನು ಎಲ್ಲರೂ ಹೇಳಿ ಹೇಳಿ ಅಜ್ಜಿ ನಂಬಿಯೇ ಬಿಟ್ಟಿದ್ದಳು. ಅತ್ತೆ ಒಳಗಿನಿಂದ ನುಗ್ಗಿ ಬಂದಳು, ಎಡಗೈಯಲ್ಲಿ ಹಾರೆ. "ಸುಳ್ಳು ಮಿಷನ್ಗೆ ಪೂಜೆ ಮಾಡ್ತೀರೇನ್ರೋ!" ಮೊದಲ ಏಟಿಗೆ ಕುಂಬಳ ಸಿಡಿಯಿತು, ಎರಡನೆಯದಕ್ಕೆ ಅಲಗು ಬಾಗಿತು. ತಡೆಯಹೋದ ಅಪ್ಪನ ಬಾಯಿಗೆ ಮೋಟು ತೋಳಿನಿಂದಲೇ ಗುದ್ದಿದಳು. ನನ್ನ ಲಂಗದ ಮೇಲಿನ ಕೆಂಪು ಆಗ ಹಾರಿದ್ದು. ಅಪ್ಪನ ತುಟಿಯ ರಕ್ತವೂ ಅದರಲ್ಲಿ ಇದ್ದಿರಬಹುದು, ಹೇಳಲಾರೆ.

ಈಗ ಅತ್ತೆ ಇಲ್ಲ, ಅಜ್ಜಿ ಇಲ್ಲ, ಆ ಅಂಗಳ ರಸ್ತೆಗೆ ಹೋಯಿತು. ಅಪ್ಪ ಕೊನೆಗೂ ಬಾಯಿ ಬಿಡಲಿಲ್ಲ. ನನ್ನ ಮೈಯೂ ಇನ್ನೂ ಸಾವ್ಕಾರರ ಸಾಕ್ಷಿಯನ್ನೇ ನುಡಿಯುತ್ತದೆ: ಮೇವಿನ ವಾಸನೆಗೆ ಬೆಚ್ಚುತ್ತದೆ, ಕಡಲೆಕಾಯಿ ಸಿಪ್ಪೆಯ ವಾಸನೆಗೆ ಜಡೆಗಾಗಿ ತಲೆ ಒಡ್ಡುತ್ತದೆ. ಹಾಗಾಗಿ ಅವತ್ತಿನ ಕೊನೆಯದನ್ನು ಬರೆದಿಡುತ್ತೇನೆ. ಲಂಗ ನೋಡಿಕೊಂಡು ನಾನು ಚೀರುತ್ತಿದ್ದೆ. ಅತ್ತೆ ಹಾರೆ ಬಿಸುಟು ಹತ್ತಿರ ಬಂದಳು.

"ಅಳಬ್ಯಾಡ ಕಣಮ್ಮ, ಕುಂಕುಮ ಇದು. ನನ್ ರಕ್ತ ಅಲ್ಲೈತೆ."

ತೋಳು ಎತ್ತಿ ತೋರಿಸಿದಳು. ತೋರಿಸಲು ಬೆರಳಿರಲಿಲ್ಲ. ಆದರೂ ಅಂಗಳದಲ್ಲಿದ್ದವರೆಲ್ಲ ಕಲ್ಯಾಣದುರ್ಗದ ರಸ್ತೆಯ ಕಡೆಗೇ ತಿರುಗಿದೆವು. ಅಪ್ಪ ಮಾತ್ರ ನೆಲ ನೋಡುತ್ತಿದ್ದ.