ಚೀನಾಕ್ಕೆ ಹೋಗಿಬಂದ ಕಾಲು

ಜಯನಗರದ ಟಿ ಬ್ಲಾಕಿನಲ್ಲಿ ಸೇತುರಾಮಯ್ಯನವರನ್ನು ಚೀನಾ ಸೇತುರಾಮಯ್ಯ ಎಂದೇ ಕರೆಯುತ್ತಿದ್ದರು. ಎಂಬತ್ತರ ದಶಕದ ಮಾತು. ಆ ಬೀದಿಯ ಬಹುಪಾಲು ಜನ ವಿಮಾನವನ್ನು ನೋಡಿದ್ದು ತಲೆ ಎತ್ತಿದಾಗ ಮಾತ್ರ. ಅಂಥ ಕಡೆ ಒಬ್ಬ ಮನುಷ್ಯ ವರ್ಷಕ್ಕೊಮ್ಮೆ ವಿಮಾನ ಹತ್ತಿ, ಅದೂ ಬಿಸಿನೆಸ್ ಕ್ಲಾಸಿನಲ್ಲಿ ಕೂತು, ಚೀನಾಕ್ಕೆ ಹೋಗಿಬರುತ್ತಾನೆಂದರೆ ಅವನಿಗೆ ಕೊಂಬು ಮೂಡಿರುತ್ತದೆಂದು ಜನ ಅಂದುಕೊಳ್ಳುವುದು ಸಹಜವೇ. ಪಾಪ, ಅವರಿಗೆ ಮೂಡಿದ್ದು ಕಣ್ಣ ಕೆಳಗಿನ ಕಪ್ಪು ಒಂದೇ.

ಚಿಕ್ಕಪೇಟೆಯ ಶಂಭುಲಿಂಗಪ್ಪನವರ ರೇಷ್ಮೆ ಅಂಗಡಿಯಲ್ಲಿ ಅವರು ಇಪ್ಪತ್ತೈದು ವರ್ಷಗಳಿಂದ ಇದ್ದರು. ಚೀನಾದ ಕಚ್ಚಾ ರೇಷ್ಮೆ ನೇಕಾರರಿಗೆ ಬೇಕಾಗತೊಡಗಿದ ಮೇಲೆ, ಅಲ್ಲಿನ ಕ್ಯಾಂಟನ್ ಪಟ್ಟಣದಲ್ಲಿ ನಡೆಯುವ ದೊಡ್ಡ ವ್ಯಾಪಾರ ಮೇಳಕ್ಕೆ ಹೋಗಿ ನೂಲಿನ ಲಡಿ ಮುಟ್ಟಿ ನೋಡಿ ಆರಿಸುವ ಕೆಲಸ ಅವರ ಹೆಗಲಿಗೆ ಬಿತ್ತು. ಇಳಿದ ದಿನವೇ ವ್ಯಾಪಾರಕ್ಕೆ ಕೂರಬೇಕು, ಮುಖ ಬಾಡಿಸಿಕೊಂಡು ಕೂತರೆ ಎದುರಿನವರು ಬೆಲೆ ಏರಿಸುತ್ತಾರೆ ಎಂದು ಯಜಮಾನರೇ ಬಿಸಿನೆಸ್ ಕ್ಲಾಸಿನ ಟಿಕೆಟ್ ತೆಗೆಸುತ್ತಿದ್ದರು. ಬೆಂಗಳೂರಿನಿಂದ ಬೊಂಬಾಯಿ, ಬೊಂಬಾಯಿಯಿಂದ ಬ್ಯಾಂಕಾಕ್ ಮೇಲೆ ಹಾಂಕಾಂಗ್, ಅಲ್ಲಿಂದ ರೈಲು. ಸೇತುರಾಮಯ್ಯನವರ ಮುಖ ಮಾತ್ರ ಯಾವ ಕ್ಲಾಸಿನಲ್ಲಿ ಕೂರಿಸಿದರೂ ಬಾಡಿಯೇ ಇಳಿಯುತ್ತಿತ್ತು.

ಅವರನ್ನು ಕೊರೆಯುತ್ತಿದ್ದದ್ದು ದೂರವಲ್ಲ, ಮೇಳ ನಡೆಯುವ ಕಾಲ. ಸರಿಯಾಗಿ ದೀಪಾವಳಿಯ ಆಸುಪಾಸು. ಆರು ವರ್ಷಗಳಿಂದ ಅವರ ಮನೆಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು ನೀರು ತುಂಬಿದ್ದು ಹೆಂಡತಿ ವಿಮಲಾ ಒಬ್ಬರೇ. ದೊಡ್ಡ ಮಗಳ ಮದುವೆಯಾದ ವರ್ಷ ಅಳಿಯ ಮೊದಲ ದೀಪಾವಳಿಗೆ ಬಂದಾಗ, ಎದುರುಗೊಳ್ಳಬೇಕಾದ ಮಾವ ಕ್ಯಾಂಟನ್ನಿನ ಹೋಟೆಲಿನಲ್ಲಿ ಅವಲಕ್ಕಿ ನೆನೆಹಾಕಿಕೊಂಡು ಕೂತಿದ್ದರು. ಆ ಬೀಗರು ಈಗಲೂ ಎಲ್ಲಾದರೂ ಸಿಕ್ಕರೆ, "ಚೀನಾದಲ್ಲಿ ಎಲ್ಲ ಕ್ಷೇಮವೇ?" ಎಂದು ಕೇಳುತ್ತಾರೆ. ಸೇತುರಾಮಯ್ಯನವರು ನಕ್ಕು ಸುಮ್ಮನಾಗುತ್ತಾರೆ. ಮನೆಗೆ ಬಂದ ಮೇಲೆ ಊಟ ಸೇರುವುದಿಲ್ಲ.

ಈ ವರ್ಷ ಬೇಸಿಗೆಯಲ್ಲಿ ಎರಡನೆಯ ಮಗಳು ವಾರಿಜಾಳ ಮದುವೆಯಾಗಿತ್ತು. ಅಳಿಯ ವೆಂಕಟಾಚಲ ಬ್ಯಾಂಕಿನಲ್ಲಿದ್ದ, ಹನುಮಂತನಗರದ ಹುಡುಗ. ಮದುವೆ ಮುಗಿದು ಚಪ್ಪರ ಬಿಚ್ಚುವ ಮೊದಲೇ ವಾರಿಜಾ ಅಪ್ಪನ ಹತ್ತಿರ ಬಂದು, "ಅಪ್ಪ, ಅಕ್ಕನಿಗೆ ಮಾಡಿದ ಹಾಗೆ ನಂಗೂ ಮಾಡ್ಬೇಡಿ," ಎಂದಿದ್ದಳು. ವಿಮಲಾ ಏನೂ ಹೇಳಲಿಲ್ಲ. ಆಕೆ ಹೇಳುವುದನ್ನು ಬಿಟ್ಟು ನಾಲ್ಕು ವರ್ಷವಾಗಿತ್ತು, ಸೇತುರಾಮಯ್ಯನವರಿಗೆ ಹೆಚ್ಚು ನೋವು ಕೊಡುತ್ತಿದ್ದದ್ದು ಅದೇ.

ಕೊನೆಗೆ ಗಟ್ಟಿ ಮನಸ್ಸು ಮಾಡಿ ಯಜಮಾನರ ಮುಂದೆ ನಿಂತರು. ಶಂಭುಲಿಂಗಪ್ಪನವರು ಕೆಟ್ಟವರಲ್ಲ, ವ್ಯಾಪಾರಸ್ಥರು. "ಆಯ್ತು ಸೇತುರಾಮಯ್ಯ, ಮನೇಲಿರಿ. ಚಲುವರಾಜುಗೆ ಕೈ ಪಳಗಿದೆ, ಅವನು ಹೋಗ್ಲಿ. ಆದ್ರೆ ಅವನು ಊರು ಬಿಟ್ಟು ಹೋದೋನಲ್ಲ. ನೀವು ತಯಾರು ಮಾಡಿ. ಅವನು ಒಲ್ಲೆ ಅಂದ್ರೆ ಮಾತ್ರ ನೀವೇ ಹೊರಡ್ಬೇಕಾಗುತ್ತೆ," ಎಂದರು.

ಚಲುವರಾಜು ಕೋಣನಕುಂಟೆಯವನು, ಅಂಗಡಿಯ ಗೋದಾಮಿನಲ್ಲಿ ಗುಣ ನೋಡಿ ರೇಷ್ಮೆಯ ತರಗತಿ ಬಿಡಿಸುವವನು. ಮೂವತ್ತೈದರ ಗಟ್ಟಿ ಆಳು. ಆ ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಬನಶಂಕರಿಗೆ ಬಂದು, ಅಲ್ಲಿಂದ ನಡೆದು ಟಿ ಬ್ಲಾಕಿಗೆ ಬಂದ. ಒಗೆದ ಅಂಗಿ, ಮುಖದಲ್ಲಿ ಉತ್ಸಾಹ. ವಿಮಲಾ ಕಾಫಿ ಕೊಟ್ಟರು. ಸೇತುರಾಮಯ್ಯನವರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು, ತಮಗೆ ಗೊತ್ತಿದ್ದದ್ದನ್ನೆಲ್ಲ ಒಂದೂ ಬಿಡದೆ ಹೇಳತೊಡಗಿದರು. ಅವರು ಮಾಡಿದ ತಪ್ಪು ಅದೇ.

"ಮೊದಲ್ನೇದು ಸೀಟು. ಕಿಟಕಿ ಪಕ್ಕ ಕೇಳ್ಬೇಡ, ಓಡಾಡೋ ಕಡೇದು ಕೇಳು. ಮೋಡ ನೋಡೋದು ಅರ್ಧ ಗಂಟೆ. ಆಮೇಲೆ ಎದ್ದು ಹೋಗ್ಬೇಕಂದ್ರೆ ಪಕ್ಕದಲ್ಲಿ ಮಲಗಿರೋ ಸಾಹುಕಾರನ್ನ ಎಬ್ಬಿಸ್ಬೇಕು. ನಾನು ಸಂಕೋಚ ಪಟ್ಕೊಂಡು ಬ್ಯಾಂಕಾಕ್‌ವರೆಗೂ ತಡ್ಕೊಂಡಿದ್ದೆ."

"ಆಯ್ತು ಸಾರ್."

"ಸಿಗರೇಟು ಸೇದೋರ ಸಾಲುಗಳು ಹಿಂದೆ ಇರ್ತವೆ. ಸೇದದೇ ಇರೋರ ಸೀಟು ಅಂತ ಕೇಳಿದ್ರೆ ಸಾಲದು, ಮುಂದಿನ ಸಾಲೇ ಬೇಕು ಅನ್ನು. ಒಂದ್ಸಲ ಸೇದೋರ ಸಾಲಿಗೆ ಅಂಟ್ಕೊಂಡಿರೋ ಸೀಟು ಕೊಟ್ಬಿಟ್ರು. ಹಾಂಕಾಂಗಲ್ಲಿ ಇಳ್ದಾಗ ನನ್ನ ಕೋಟು ಬೀಡಿ ಅಂಗಡಿ ಥರ ನಾರ್ತಿತ್ತು. ಆಮೇಲೆ ಊಟ. ಹಿಂದೂ ಮೀಲ್ ಅಂತ ಮಾತ್ರ ಬಾಯಿ ಬಿಡ್ಬೇಡ. ನಾನು ಹಿಂದೂನೇ ಅಲ್ವೇ ಅಂತ ಮೊದಲ ಸಲ ಅದನ್ನೇ ಬರೆಸಿದ್ದೆ. ಮುಚ್ಚಳ ತೆಗೆದ್ರೆ ಕುರಿ ಮಾಂಸ. ಬರೀ ವೆಜಿಟೇರಿಯನ್ ಅಂತ ಎರಡು ಸಲ ಹೇಳ್ಬೇಕು."

"ನಮಗೆ ಕುರಿ ಆಯ್ತದೆ ಸಾರ್," ಎಂದ ಚಲುವರಾಜು, ಮೆಲ್ಲಗೆ.

ಸೇತುರಾಮಯ್ಯನವರು ಕೇಳಿಸಿಕೊಳ್ಳಲಿಲ್ಲ. ಆರು ವರ್ಷ ಒಳಗೆ ಅದುಮಿಟ್ಟುಕೊಂಡ ಆಯಾಸಕ್ಕೆ ಇಂದು ಬಾಯಿ ಸಿಕ್ಕಿತ್ತು. ಬೊಂಬಾಯಿಯಲ್ಲಿ ಹತ್ತಿದೊಡನೆ ಗಡಿಯಾರವನ್ನು ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳಬೇಕು, ಇಲ್ಲದಿದ್ದರೆ ತಲೆ ಕೆಡುತ್ತದೆ. ಪೂರ್ವಕ್ಕೆ ಹೋಗುವಾಗ ರಾತ್ರಿ ಮೊಟಕಾಗುತ್ತದೆ, ಕಣ್ಣು ಮುಚ್ಚುವಷ್ಟರಲ್ಲಿ ಬೆಳಗಾಗಿರುತ್ತದೆ. ಒಳಗಿನ ಗಾಳಿಗೆ ಮೂಗು ಒಣಗಿ ರಕ್ತ ಬಂದೀತು, ನೀರು ಕುಡಿಯುತ್ತಿರಬೇಕು. ಪುಕ್ಕಟೆ ಬರುವ ಬಾಟಲಿ ಮುಟ್ಟಬಾರದು, ಅದು ನಿದ್ದೆ ಕೊಟ್ಟಂತೆ ಮಾಡಿ ಕಿತ್ತುಕೊಳ್ಳುತ್ತದೆ. ಇಳಿಯುವಾಗ ಕಿವಿಯೊಳಗೆ ಮೊಳೆ ಹೊಡೆದಂತಾಗುತ್ತದೆ, ಎಂಜಲು ನುಂಗುತ್ತಿರಬೇಕು.

"ಎಲ್ಲಕ್ಕಿಂತ ಮುಖ್ಯ ಕಾಲು. ಗಂಟೆಗೊಂದ್ಸಲ ಎದ್ದು ಓಡಾಡು. ಶೂ ಒಂದು ಸೈಜು ದೊಡ್ಡದೇ ತಗೋ. ಎಷ್ಟು ಊದುತ್ತೆ ಅಂದ್ರೆ, ನಾನು ಶೂ ಕೈಲಿ ಹಿಡ್ಕೊಂಡು ಹಾಂಕಾಂಗಲ್ಲಿ ಇಳ್ದಿದೀನಿ. ಮನೆಗೆ ಬಂದು ಹದಿನೈದು ದಿವಸ ಆದ್ರೂ ಇಳಿಯಲ್ಲ ಕಣಯ್ಯ. ವಿಮಾನ ಮೈಯಿಂದ ಇಳಿಯೋದೇ ಇಲ್ಲ."

ಚಲುವರಾಜುವಿನ ಕಾಫಿ ಅರ್ಧಕ್ಕೇ ನಿಂತಿತ್ತು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎದ್ದು ನಿಂತ. "ಸಾರ್, ಬೇಜಾರು ಮಾಡ್ಕೋಬೇಡಿ. ಯಜಮಾನ್ರಿಗೆ ನಾನೇ ಹೇಳ್ತೀನಿ. ಇದು ನನ್ನ ಕೈಲಾಗೋದಲ್ಲ. ಮನೇಲಿ ಹೆಂಡ್ತಿ ಮಕ್ಳವ್ರೆ."

ತಮ್ಮ ಕೈಯಾರೆ ತಮ್ಮ ಹಬ್ಬ ಕಳೆದುಕೊಂಡೆನೆಂದು ಸೇತುರಾಮಯ್ಯನವರಿಗೆ ಆಗ ಹೊಳೆಯಿತು. ಅಷ್ಟೆಲ್ಲ ಏನಿಲ್ಲ ಎನ್ನಲು ಬಾಯಿ ತೆರೆದರು. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದ ಬಾಯಿ ಹಾಗೇ ಮುಚ್ಚಿಕೊಂಡಿತು.

ಒಳಗಿನಿಂದ ವಿಮಲಾ ಬಂದರು. ಕೈಯಲ್ಲಿ ಒಂದು ಬಟ್ಟೆಯ ಚೀಲ.

"ಕೂತ್ಕೊಳ್ಳಿಪ್ಪಾ. ಇವ್ರು ಹೇಳಿದ್ದು ಅರ್ಧ. ಮಿಕ್ಕರ್ಧ ನಾನು ಹೇಳ್ತೀನಿ."

"ನೀವೂ ಹೋಗಿದೀರಾ ಅಮ್ಮಾ?"

"ನಾನು ಮೈಸೂರು ದಾಟಿಲ್ಲ," ಎಂದು ವಿಮಲಾ ಚೀಲವನ್ನು ಬಾಗಿಸಿದರು. ಗಂಡ ಪ್ರತಿಸಲ ವಿಮಾನದಿಂದ ತಂದು ಕೊಟ್ಟದ್ದೆಲ್ಲ ಅದರಲ್ಲಿತ್ತು. ಮೆತ್ತನೆಯ ಕಾಲುಚೀಲ, ಅಂಗೈಯಗಲದ ಸೋಪು, ಬಾಚಣಿಗೆ, ಕಣ್ಣಿಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ. "ಇದನ್ನ ಕಟ್ಕೊಂಡು ನಾನು ಮಧ್ಯಾಹ್ನ ಮಲಗ್ತೀನಿ. ಎಂಥ ನಿದ್ದೆ ಬರುತ್ತೆ ಗೊತ್ತಾ? ಹತ್ತಿ ಕೂತ ತಕ್ಷಣ ಬಿಸಿನೀರಲ್ಲಿ ಹಿಂಡಿದ ಟವೆಲ್ ಕೊಡ್ತಾರಂತೆ, ಮುಖ ಒರೆಸ್ಕೊಳ್ಳೋಕೆ. ಕುರ್ಚಿ ಕೈ ಹತ್ರ ಒಂದು ಗುಂಡಿ ಇರುತ್ತಂತೆ. ಒತ್ತಿದ್ರೆ ಬೆನ್ನು ಹಿಂದಕ್ಕೆ ಹೋಗಿ, ಕಾಲಿಗೆ ಹಲಗೆ ಮೇಲಕ್ಕೆ ಬರುತ್ತಂತೆ. ಹಿಂದೆ ಕೂತೋರು ಏನಾದ್ರೂ ಅಂದ್ಕೊಂಡಾರು ಅಂತ ಇವ್ರು ಆರು ವರ್ಷದಲ್ಲಿ ಒಂದ್ಸಲವೂ ಅದನ್ನ ಒತ್ತಿಲ್ಲ. ನೆಟ್ಟಗೆ ಕೂತು ಹೋಗಿ ನೆಟ್ಟಗೆ ಕೂತು ಬರ್ತಾರೆ. ಕಾಲು ಊದದೆ ಇನ್ನೇನಾಗುತ್ತೆ? ನೀವು ಒತ್ತಿ. ಏನು ಬೇಕೋ ಬಾಯಿಬಿಟ್ಟು ಕೇಳಿ. ಕೊಟ್ಟಿದ್ದನ್ನ ತಿನ್ನಿ. ನಿಮಗೆ ಕುರಿ ಆಗುತ್ತಲ್ಲ, ಇನ್ನೇನು?"

ಚಲುವರಾಜು ನಕ್ಕುಬಿಟ್ಟ. ಕಪ್ಪು ಪಟ್ಟಿಯನ್ನು ಕಣ್ಣಿಗೆ ಹಿಡಿದು ನೋಡಿದ. ತಣ್ಣಗಾದ ಕಾಫಿಯನ್ನು ಕುಡಿದು ಮುಗಿಸಿ, "ಹೋಗ್ಬತ್ತೀನಿ ಬಿಡಿ ಅಮ್ಮಾ," ಎಂದ.

ಅವನು ಗೇಟು ದಾಟಿದ ಮೇಲೆ ಸೇತುರಾಮಯ್ಯನವರು ಹೆಂಡತಿಯ ಮುಖ ನೋಡಿದರು. ಗುಂಡಿಯ ವಿಷಯವನ್ನು ಯಾವಾಗ ಹೇಳಿದ್ದರೋ ಅವರಿಗೇ ನೆನಪಿರಲಿಲ್ಲ. ಪ್ರತಿಸಲ ಬಂದಿಳಿದು, ಅರೆನಿದ್ದೆಯಲ್ಲಿ ಬಡಬಡಿಸಿದ್ದನ್ನೆಲ್ಲ ಆಕೆ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿರಬೇಕು. ತನಗೇನೂ ಸಂಬಂಧವಿಲ್ಲದವಳ ಹಾಗೆ ಸುಮ್ಮನಿದ್ದಾಳೆ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

ಹಬ್ಬ ಬಂತು. ಹಿಂದಿನ ಸಂಜೆ ಸೇತುರಾಮಯ್ಯನವರು ತಾವೇ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದರು, ಪಟ್ಟೆ ಬಳಿದರು, ಕೊರಳಿಗೆ ಬಳ್ಳಿ ಸುತ್ತಿದರು. ಕೊಡ ಎತ್ತುವಾಗ ಏದುಸಿರು ಬಂತು. ಗೇಟಿನ ಹತ್ತಿರ ನಿಂತು ಅಳಿಯನನ್ನು ಎದುರುಗೊಂಡರು. ವಾರಿಜಾ ಅಪ್ಪನನ್ನು ನೋಡಿ ಒಳಗೆ ಓಡಿದಳು, ಕಣ್ಣು ಒರೆಸಿಕೊಂಡದ್ದು ಮಾತ್ರ ಕಂಡಿತು. ಅಷ್ಟರಲ್ಲಿ ಅಂಗಡಿಯಿಂದ ಹೂವು ಹಣ್ಣು ತಂದ ಆಳು, ಕ್ಯಾಂಟನ್ನಿನಿಂದ ಟ್ರಂಕ್ ಕಾಲ್ ಬಂದಿತ್ತೆಂದು ಯಜಮಾನರ ಮಾತು ತಲುಪಿಸಿದ. ಚಲುವರಾಜು ದಾರಿಯುದ್ದಕ್ಕೂ ಕಾಲು ಚಾಚಿ ಮಲಗಿದ್ದನಂತೆ, ಎರಡು ಸಲ ಊಟ ಕೇಳಿ ಹಾಕಿಸಿಕೊಂಡನಂತೆ. ಕಾಲು ಏನೂ ಊದಲಿಲ್ಲವೆಂದು ಸೇತುರಾಮಯ್ಯ ಸಾರ್‌ಗೆ ಹೇಳಿ ಎಂದನಂತೆ.

ಎಲ್ಲರೂ ನಕ್ಕರು. ಸೇತುರಾಮಯ್ಯನವರೂ ನಕ್ಕರು, ಆದರೆ ಸ್ವಲ್ಪ ಚುಚ್ಚಿತು. ಅಷ್ಟು ವರ್ಷ ತಾವು ಪಟ್ಟ ಪಾಡು ಪಾಡೇ ಅಲ್ಲವೆಂದು ಯಾರೋ ಅಂದಂತಾಯಿತು.

ಮರುದಿನ ಬೆಳಿಗ್ಗೆ ಅಳಿಯನ ಎಣ್ಣೆಸ್ನಾನ ಮುಗಿದ ಮೇಲೆ ಮಾವನ ಸರದಿ. ಬಚ್ಚಲುಮನೆಯ ಮುಂದೆ ಮಣೆ ಹಾಕಿ ಕೂರಿಸಿ, ಆರತಿ ಎತ್ತಿ, ವಿಮಲಾ ನೆತ್ತಿಗೆ ಎಣ್ಣೆ ಒತ್ತಿದರು. ಬೆನ್ನಿಗೆ, ತೋಳಿಗೆ ಹಚ್ಚಿ, ಕಾಲು ಮುಂದೆ ಚಾಚಲು ಹೇಳಿದರು. ಸೇತುರಾಮಯ್ಯನವರಿಗೆ ಕಣ್ಣು ಎಳೆಯುತ್ತಿತ್ತು. ಆರು ವರ್ಷದ ನಿದ್ದೆಯೆಲ್ಲ ಈ ಮಣೆಯ ಮೇಲೆಯೇ ಬರುವಂತಿತ್ತು.

ಎಣ್ಣೆಯ ಕೈ ಇದ್ದಕ್ಕಿದ್ದಂತೆ ನಿಂತಿತು. ಕಣ್ಣು ತೆರೆದರೆ, ವಿಮಲಾ ಅವರ ಪಾದದ ಮೇಲ್ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು. ಅದರಲ್ಲಿ ಎಣ್ಣೆ ಬಂದು ನಿಂತಿತು.

"ಇದೇನ್ರೀ?"

"ಅದು ವಿಮಾನದ್ದು," ಎಂದರು ಸೇತುರಾಮಯ್ಯನವರು, ವರ್ಷಗಳ ರೂಢಿಯಂತೆ.

"ಈ ಸಲ ನೀವು ಯಾವ ವಿಮಾನ ಹತ್ತಿದ್ರಿ?"

ಸೇತುರಾಮಯ್ಯನವರು ಬಗ್ಗಿ ತಮ್ಮ ಪಾದವನ್ನು ನೋಡಿಕೊಂಡರು. ನೀರು ಕುದಿಯುವ ಸದ್ದು ಕೇಳುತ್ತಿತ್ತು. ಯುಗಾದಿಯಿಂದಲೂ ಸಂಜೆಯಾದರೆ ಚಪ್ಪಲಿ ಬಿಗಿಯಾಗುತ್ತಿದ್ದದ್ದು, ಅಂಗಡಿಯ ಮೆಟ್ಟಿಲು ಹತ್ತಿದರೆ ನಿಲ್ಲಬೇಕಾಗುತ್ತಿದ್ದದ್ದು, ನಿನ್ನೆ ಕೊಡ ಎತ್ತಿದಾಗಿನ ಏದುಸಿರು, ಎಲ್ಲ ಒಂದರ ಹಿಂದೊಂದು ನೆನಪಿಗೆ ಬಂದವು. ಎಲ್ಲವನ್ನೂ ಅವರು ಚೀನಾದ ಲೆಕ್ಕಕ್ಕೇ ಬರೆದಿದ್ದರು. ಪರದೇಶದಲ್ಲಿ ಆ ಕಾಲನ್ನು ನೋಡುವವರು ಯಾರೂ ಇರಲಿಲ್ಲ, ಮನೆಯಲ್ಲಿ ಪಂಚೆಯ ಅಂಚು ಅದನ್ನು ಮುಚ್ಚುತ್ತಿತ್ತು. ಭಯವಾಯಿತು. ಮಣೆಯ ಮೇಲೆ ಕೂತ ಐವತ್ತೇಳರ ಮನುಷ್ಯನಿಗೆ, ಹಬ್ಬದ ಬೆಳಿಗ್ಗೆ, ಎಣ್ಣೆ ಮೆತ್ತಿದ ಮೈಯಲ್ಲಿ, ನಿಜವಾದ ಭಯವಾಯಿತು.

"ನಾಳಿದ್ದು ಡಾಕ್ಟರ ಹತ್ರ ಹೋಗೋಣ," ಎಂದರು ವಿಮಲಾ. "ಅಲ್ಲೂ ಅವರೇನಂದ್ಕೊಂಡಾರು ಅಂತ ಬಾಯಿ ಮುಚ್ಕೊಂಡು ಕೂರ್ತೀರಿ ನೀವು. ನಾನೂ ಬರ್ತೀನಿ. ಮಕ್ಕಳಿಗೆ ಇವತ್ತು ಹೇಳ್ಬೇಡಿ, ಹಬ್ಬ ಮಾಡ್ಲಿ."

ಒಳಗೆ ವಾರಿಜಾ ಗಂಡನ ಜೊತೆ ಏನೋ ಹೇಳಿ ನಗುತ್ತಿದ್ದಳು. ಸೇತುರಾಮಯ್ಯನವರು ತಲೆಯಾಡಿಸಿದರು. ಆಮೇಲೆ ಬೆನ್ನನ್ನು ಹಿಂದಕ್ಕೆ ಬಿಟ್ಟು, ಬಚ್ಚಲ ಗೋಡೆಗೆ ಪೂರ್ತಿ ಒರಗಿಕೊಂಡರು. ಎಣ್ಣೆಯ ಕಲೆ ಆದೀತೆಂದು ಆ ಗೋಡೆಗೆ ಅವರು ಎಂದೂ ಒರಗಿದವರಲ್ಲ. ವಿಮಲಾ ಇನ್ನೊಂದು ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.